ಅಪ್ಪನ ಅರ್ಧ, ಅಮ್ಮನ ಅರ್ಧ

ಎರಡು ವಾರದ ಹಿಂದೆ ಹುಬ್ಬಳ್ಳಿಯಿಂದ ನಾಗಪುರದ ನಮ್ಮ ಮನೆಗೆ ಒಂದು ಪೋಸ್ಟ್‌ಕಾರ್ಡ್ ಬಂತು. ನನ್ನ ಜೀವನ ಹಾಳಾಯಿತು.

ಬರೆದವರು ನನ್ನ ಚಿಕ್ಕಪ್ಪ. ಅಪ್ಪನಿಗಿಂತ ಕಾಲು ಗಂಟೆ ಚಿಕ್ಕವರು. ಅವಳಿ. ಅಂಥಿಂಥ ಅವಳಿಯಲ್ಲ, ಒಮ್ಮೆ ಅವರು ನಾಗಪುರಕ್ಕೆ ಬಂದಾಗ ಅಪ್ಪನ ರೈಲ್ವೆ ಸಾಹೇಬರು ಅವರನ್ನೇ ಅಪ್ಪ ಅಂದುಕೊಂಡು ಪ್ಲಾಟ್‌ಫಾರ್ಮಿನಲ್ಲೇ ಹಿಡಿದು ಅರ್ಧ ತಾಸು ಬೈದಿದ್ದರು. (ಅಪ್ಪನಿಗಿಂತ ಚೆನ್ನಾಗಿ ಬೈಸಿಕೊಂಡರು ಅಂತ ಸಾಹೇಬರಿಗೆ ಖುಷಿಯೂ ಆಗಿತ್ತಂತೆ.)

ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ಚಿಕ್ಕಪ್ಪನ ಮಗ ಶ್ರೀಧರನಿಗೆ ಬೀಜಗಣಿತದಲ್ಲಿ ತೊಂಬತ್ತೊಂದು. ಅವನು ನನ್ನದೇ ವಯಸ್ಸಿನವನು. ಮೂಗು, ಕಿವಿ, ಹಣೆ ಎಲ್ಲ ನನ್ನದೇ ನಕಲು. ನನಗೆ ಬಂದದ್ದು ಮೂವತ್ನಾಲ್ಕು. ಅದರಲ್ಲಿ ನಾಲ್ಕು ಮಾಸ್ತರರ ಕರುಣೆ.

ಅಪ್ಪ ಕಾರ್ಡನ್ನು ನನ್ನ ಮೂಗಿಗೆ ಹಿಡಿದರು. “ನಾನೂ ಅವನೂ ಒಂದೇ ಮಾರಿ, ಒಂದೇ ರಕ್ತ. ಅವನ ಮಗಗ ಬರತೈತಿ, ನನ್ನ ಮಗಗ ಯಾಕ ಬರೂದಿಲ್ಲಲೇ?”

“ಪೇಪರ್ ಕಠಿಣ ಇತ್ತು, ಅಪ್ಪಾ.”

“ಹುಬ್ಬಳ್ಯಾಗ ಸಸಾರ ಇರತಾವೇನು? ಬಸ್. ಜೂನ್‌ದಿಂದ ನೀ ಅಲ್ಲೇ. ಶ್ರೀಧರನ ಬಾಜೂಕ ಕೂತು ಓದು.”

ನೀವೇ ಹೇಳಿ, ಇದು ನ್ಯಾಯವೇ? ನಮ್ಮ ರೈಲ್ವೆ ಕ್ವಾರ್ಟರ್ಸಿನ ಕ್ರಿಕೆಟ್ ತಂಡದ ಏಕೈಕ ವಿಕೆಟ್ ಕೀಪರ್ ನಾನು. (ಬೇರೆ ಯಾರೂ ಚೆಂಡಿನ ಎದುರು ನಿಲ್ಲಲು ಒಪ್ಪುವುದಿಲ್ಲ ಎನ್ನುವುದು ಬೇರೆ ಮಾತು.) ಮೇಲಾಗಿ, ನನ್ನದೇ ಮುಖ ಹೊತ್ತ ಬುದ್ಧಿವಂತನೊಬ್ಬನ ಪಕ್ಕ ದಿನವಿಡೀ ಕೂರಬೇಕು. ಕನ್ನಡಿಯೇ ಎದ್ದು ಬಂದು ಪಾಠ ಹೇಳಿದರೆ ನೀವು ಸುಮ್ಮನಿರುತ್ತೀರಾ?

ವಿಜ್ಞಾನದ ಮೊರೆ ಹೋದೆ. ಊರಿನ ಸದರ್ ಬಡಾವಣೆಯಲ್ಲಿ ನಮ್ಮ ವಿಜ್ಞಾನದ ಮಾಸ್ತರರ ಮನೆ. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಿಮಗಾಗಿ ಕನ್ನಡಕ್ಕೆ ಇಳಿಸುತ್ತೇನೆ. ತದ್ರೂಪಿ ಅವಳಿಗಳು ಒಂದೇ ಅಂಡ ಒಡೆದು ಇಬ್ಬರಾದವರು. ಹಾಗಾಗಿ ಅಪ್ಪ, ಚಿಕ್ಕಪ್ಪ ಇಬ್ಬರ ಬಳಿಯೂ ಇರುವುದು ಒಂದೇ ಬಗೆಯ ಇಸ್ಪೀಟಿನ ಕಟ್ಟು. ಆ ಲೆಕ್ಕದಲ್ಲಿ ನಾನೂ ಶ್ರೀಧರನೂ ಒಬ್ಬ ತಂದೆ, ಇಬ್ಬರು ತಾಯಂದಿರ ಮಕ್ಕಳಿದ್ದ ಹಾಗೆ. ಆದರೆ ಮಗುವಿಗೆ ತಂದೆಯಿಂದ ಸಿಗುವುದು ಅರ್ಧ ಕಟ್ಟು ಮಾತ್ರ. ಅದೂ ಪ್ರತಿ ಸಲ ಕಲಸಿ ಹಂಚಿದ್ದು. ಉಳಿದರ್ಧ ತಾಯಿಯದು.

ಕೊನೆಗೆ ಅವರು, “ಬೀಜಗಣಿತ ಮಾತ್ರ ರಕ್ತದಲ್ಲಿ ಬರುವುದಿಲ್ಲ, ಕೂತು ಕಲಿತರೆ ಬರುತ್ತದೆ” ಅಂದರು. ಆ ಭಾಗ ದಾರಿಯಲ್ಲಿ ಸೈಕಲ್ಲಿನಿಂದ ಬಿದ್ದುಹೋಯಿತು.

ಸಂಜೆ ಊಟಕ್ಕೆ ಕೂತಾಗ ಭಾಷಣ ಬಿಗಿದೆ. “ಅಪ್ಪಾ, ನಿಮ್ಮದೂ ಚಿಕ್ಕಪ್ಪಂದೂ ಬರೋಬರ್ ಒಂದೇ. ನಿಮ್ಮ ಕಡಿಂದ ಏನೂ ಕಮ್ಮಿ ಆಗಿಲ್ಲ. ಫರಕ್ ಬಂದದ್ದು ಇನ್ನರ್ಧದಿಂದ.”

ಹದಿನೈದು ವರ್ಷದಲ್ಲಿ ಮೊದಲ ಸಲ ಅಪ್ಪ ನನ್ನ ಮಾತಿಗೆ ತಲೆಯಾಡಿಸಿದರು. “ಹುಡುಗ ಶಾಣ್ಯಾ ಅದಾನ.”

ಆ ಇನ್ನರ್ಧ ನನ್ನ ಬೆನ್ನ ಹಿಂದೆಯೇ ಬಿಸಿ ಜೋಳದ ಭಕ್ರಿ ಹಿಡಿದು ನಿಂತಿದೆ ಅಂತ ಹೊಳೆದದ್ದು ಆಗ.

“ಅಂದ್ರ ದಡ್ಡತನ ನನ್ನದು,” ಅಂದಳು ಅಮ್ಮ. ದನಿ ಏರಲಿಲ್ಲ. ಭಯವಾದದ್ದೇ ಅದಕ್ಕೆ. “ಮತ್ತ ಈಗ ಶಾಣ್ಯಾ ಅಂದ್ರಲ್ಲ, ಆ ಶಾಣ್ಯಾತನ ಯಾರದು?”

“ಅದು ನಮ್ಮ ಕಡೇದು,” ಅಂದರು ಅಪ್ಪ, ತಡಮಾಡದೆ.

ತಡಮಾಡಬೇಕಿತ್ತು.

(ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ? ಎತ್ತರ, ಬಣ್ಣ, ಬುದ್ಧಿ ಎಲ್ಲ ಅಪ್ಪನ ಕಡೆಯದು. ಗೊರಕೆ, ಸಿಟ್ಟು, ಸೊಟ್ಟ ಹಲ್ಲು ತವರಿನಿಂದ ತಂದದ್ದು.)

“ನಾಕನೇ ಇಯತ್ತೆದಾಗ ನನ್ನ ನಂಬರ್ ಒಂದನೇದು,” ಅಂದಳು ಅಮ್ಮ. “ಆಮ್ಯಾಲೆ ನಮ್ಮಪ್ಪ ಸಾಲಿ ಬಿಡಿಸಿದ. ನನ್ನ ತಲ್ಯಾಗ ಏನೈತಿ, ಏನಿಲ್ಲ ಅಂತ ಯಾರು ನೋಡ್ಯಾರ?” ಭಕ್ರಿ ಬುಟ್ಟಿಗೆ ವಾಪಸ್ಸು ಹೋಯಿತು. (ಅದು ನನ್ನ ಭಕ್ರಿ.) “ಹುಡುಗ ಹುಬ್ಬಳ್ಳಿಗೆ ಹೋಗೂದಿಲ್ಲ. ನನ್ನ ಅರ್ಧ ನಾ ಕಳಸೂದಿಲ್ಲ. ನಿಮ್ಮ ಅರ್ಧ ಬೇಕಾದ್ರ ಕಳಸ್ಕೋರಿ.”

ಅಪ್ಪ ಚಿಕ್ಕಪ್ಪನಿಗೆ ಉತ್ತರ ಬರೆದರು: ಹುಡುಗನಿಗೆ ಅಲ್ಲಿಯ ಹವೆ ಒಗ್ಗುವುದಿಲ್ಲ. (ನಾಗಪುರದ ಮೇ ತಿಂಗಳಲ್ಲಿ ಬೆಂದು ಬದುಕಿದವನಿಗೆ!)

ಗೆದ್ದೆ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಮರುದಿನ ಸಂಜೆಯೇ ಅಮ್ಮ ಸ್ಲೇಟು, ಬಳಪ, ನನ್ನ ಬೀಜಗಣಿತದ ಪುಸ್ತಕ ಹಿಡಿದು ಎದುರಿಗೆ ಕೂತಳು.

“ಮರಾಠಿ ನನಗ ಓದಾಕ ಬರೂದಿಲ್ಲ. ನೀ ಓದಿ ಹೇಳು.” ಓದಿದೆ; ನಮ್ಮ ಮರಾಠಿ ಪುಸ್ತಕದಲ್ಲಿ x ಇರಬೇಕಾದಲ್ಲೆಲ್ಲ ‘ಕ್ಷ’. “ಈ ‘ಕ್ಷ’ ಅಂದ್ರ ಏನು?”

“ಗೊತ್ತಿಲ್ಲದ್ದು.”

“ಗೊತ್ತಿಲ್ಲದ್ದಕ್ಕ ಹೆಸರು ಯಾಕ?”

“ಹುಡಕಾಕ.”

“ಹಂಗಿದ್ರ ಹುಡಕು. ಓಡಬ್ಯಾಡ, ಕೂಡು.”

ಅಂದಿನಿಂದ ದಿನಾ ಸಂಜೆ ಇದೇ. ಹೇಳಿಕೊಡಬೇಕು ಅಂದರೆ ಮೊದಲು ನಾನು ಕಲಿಯಬೇಕಲ್ಲ! ಆಟ ಬಂದ್. ತಂಡದವರು ನನ್ನ ಜಾಗದಲ್ಲಿ ಗೋಣಿಚೀಲ ಕಟ್ಟಿದ್ದಾರೆ. ನನಗಿಂತ ಹೆಚ್ಚು ಚೆಂಡು ಹಿಡಿಯುತ್ತದೆ ಎಂಬ ಸುದ್ದಿಯಿದೆ.

ನಿನ್ನೆ, ಪರೀಕ್ಷೆಯಲ್ಲಿ ನನ್ನನ್ನು ಮುಳುಗಿಸಿದ ಆ ಲೆಕ್ಕವೇ ಬಂತು. ನಾನಿನ್ನೂ ಪೆನ್ಸಿಲ್ ಕಚ್ಚುತ್ತಿದ್ದೆ. ಅಮ್ಮ ಮುಗಿಸಿದ್ದಳು. ಸರಿಯಿತ್ತು. ಸ್ಲೇಟು ಒರೆಸದೆ ಸುಮಾರು ಹೊತ್ತು ನೋಡುತ್ತ ಕೂತಳು.

“ಇಷ್ಟ ಇತ್ತು ನೋಡು,” ಅಂದಳು. “ಅವಾಗ ಯಾರೂ ಹೇಳಿಕೊಡಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ಅಪ್ಪ ಒಳಗೆ ಹೋಗಿ ಹೊಸ ಬಳಪ ತಂದು ಸ್ಲೇಟಿನ ಪಕ್ಕ ಇಟ್ಟರು. ನಾನು ಮುಂದಿನ ಲೆಕ್ಕ ಓದಿದೆ.

ಅಪ್ಪನ ಕಡೆಗೆ ಶ್ರೀಧರ ಸಾಕ್ಷಿ. ಅಮ್ಮನ ಕಡೆಗೆ ಅಮ್ಮನೇ ಸಾಕ್ಷಿ. ಎರಡೂ ಅರ್ಧ ಚೊಕ್ಕವಾಗಿವೆ. ಇನ್ನು ನಾನು ಬೆರಳು ತೋರಿಸುವುದು ಯಾರ ಕಡೆಗೆ?