ಸಿಕ್ಸ್ ರೋಡಿನ ಅಂಜೂರ

ನಮ್ಮ ಸೋದರಮಾವ ನೆನು ಜಮ್ಮಿತ್ ಮೆಲ್ಬರ್ನಿನ ಪಶ್ಚಿಮದ ರೈಲ್ವೆ ಯಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ಬೋಗಿ ಜೋಡಿಸಿದವನು. ಎಡಗೈಯ ಎರಡು ಬೆರಳನ್ನು ಅಲ್ಲೇ ಬಿಟ್ಟು ಬಂದಿದ್ದ. ಕೇಳಿದರೆ, "ರೈಲಿಗೆ ಉಂಗುರ ತೊಡಿಸೋಕೆ ಹೋದೆ, ಬೆರಳನ್ನೇ ಇಟ್ಕೊಂಡುಬಿಡ್ತು" ಎನ್ನುತ್ತಿದ್ದ.

ಅಜ್ಜಿ ಮಾಲ್ಟಾದಿಂದ ಹಡಗು ಹತ್ತಿದಾಗ ಒದ್ದೆ ಕಾಲುಚೀಲದೊಳಗೆ ಅಂಜೂರದ ಕಡ್ಡಿಯೊಂದನ್ನು ಬಚ್ಚಿಟ್ಟು ತಂದಿದ್ದಳಂತೆ. ಅದು ಹಿತ್ತಿಲಲ್ಲಿ ಮರವಾಯಿತು. ಅದರ ಒಂದು ಕೊಂಬೆಯನ್ನು ಮಾವ ಯಾರ್ಡಿನ ಸಿಕ್ಸ್ ರೋಡ್ ಪಕ್ಕ ನೆಟ್ಟ. ಮಧ್ಯಾಹ್ನ ಊಟದ ಡಬ್ಬಿಗಳೆಲ್ಲ ತೆರೆಯುತ್ತಿದ್ದದ್ದು ಅದರ ನೆರಳಲ್ಲೇ. ಮಾವನ ಡಬ್ಬಿಯ ಗಿಣ್ಣು ತುಂಬಿದ ಪಾಸ್ತಿಜ್ಜಿ ಕಡುಬಿಗೆ ಮೊದಲು ಕೈ ಹಾಕುತ್ತಿದ್ದವನು ಜೊತೆಗಾರ ಮರ್ವ್.

ಮಾವ ನಿವೃತ್ತನಾದ ಮೇಲೆ ಯಾರ್ಡಿಗೆ ಕಾಂಕ್ರೀಟಿನ ಮುಚ್ಚಳ ಹಾಕುವ ಕೆಲಸ ಶುರುವಾಯಿತು. ಕೆಳಗೆ ರೈಲು, ಮೇಲೆ ಪಾರ್ಕು. ಮರ ಉರುಳಲೇಬೇಕಿತ್ತು. ಮಾವ ಒಂದು ಕೊಂಬೆಯನ್ನು ಡ್ರಮ್ಮಿನಲ್ಲಿ ಬೇರು ಬಿಡಿಸಿ, "ಇದು ಅಲ್ಲೇ ಇರಬೇಕು" ಎಂದು ಹಟ ಹಿಡಿದ.

ಮುಚ್ಚಳದ ಮೇಲಿನ ಭಾರದ ಲೆಕ್ಕ ನೋಡುವ ಇಂಜಿನಿಯರ್ ತುಯೆತ್ ಮನೆಗೇ ಬಂದಳು.

"ನೆನು, ಅಲ್ಲಿ ಮಣ್ಣಿರೋದು ಮೊಣಕಾಲುದ್ದ ಅಷ್ಟೆ. ಗುಡ್ಡ ಅಂತ ಕಾಣೋದರ ಹೊಟ್ಟೆ ತುಂಬ ಥರ್ಮೋಕೋಲು. ನಿಮ್ಮ ಅಂಜೂರದ ಬೇರು ನೀರು ತಡೆಯೋ ಹಾಳೆ ಹರಿದ್ರೆ, ರೈಲಿನ ನೆತ್ತಿ ಮೇಲೆ ಸೋರತ್ತೆ."

"ಮಗಳೇ, ಅಂಜೂರಕ್ಕೆ ಜಾಗ ಜಾಸ್ತಿ ಕೊಟ್ರೆ ಬರೀ ಎಲೆ ಬಿಡತ್ತೆ. ಕಾಂಕ್ರೀಟ್ ತೊಟ್ಟೀಲಿ ಬೇರನ್ನ ಬಿಗಿಯಾಗಿ ಕೂಡಿಹಾಕು, ಆಮೇಲೆ ನೋಡು ಹಣ್ಣು!"

ತುಯೆತ್ ಲೆಕ್ಕದ ಹಾಳೆ ತೆಗೆದಳು. "ಮುಚ್ಚಳ ಹೊತ್ತಿರೋ ಕಂಬದ ನೇರ ಮೇಲಾದ್ರೆ ಭಾರ ತಡೆಯತ್ತೆ. ಎಲ್ಲಿ ಬೇಕು ಅಂತ ಬರೆದುಕೊಡಿ."

ಮಾವ ಬರೆದುಕೊಟ್ಟ: 'ಸಿಕ್ಸ್ ರೋಡ್ ಪಕ್ಕ.'

ತಿಂಗಳು ಕಳೆದು ನಾವೆಲ್ಲ ನೋಡಲು ಹೋದೆವು. ತೊಟ್ಟಿಗೆ ಗುರುತು ಹಾಕಿದ್ದು ಪಾರ್ಕಿನ ಕೊನೆಯಲ್ಲಿ, ಕಸದ ಲಾರಿ ಬರುವ ದಾರಿಯ ಮಗ್ಗುಲಿಗೆ. ಮಾವನ ಮುಖ ಇಳಿದುಹೋಯಿತು.

"ಏ ಮಾಲ್ಟಾ, ನಿನ್ನ ಮರಕ್ಕೆ ಕಸದ ಲಾರಿ ಕಾವಲು ಕಣೋ!" ಎಂದು ಮರ್ವ್ ನಕ್ಕ.

"ನೀವೇ ಬರೆದಿದ್ರಲ್ಲ? ನಕ್ಷೇಲಿ ಆರನೇ ರೋಡ್ ಇದೇ" ಎಂದಳು ತುಯೆತ್.

"ರೋಡ್ ಅಂದ್ರೆ ಹಳಿ ಕಣಮ್ಮಾ! ಯಾರ್ಡಲ್ಲಿ ಹಳಿಗೆ ಹಳಿ ಅಂತ ಯಾವ ಹುಚ್ಚ ಕರೀತಾನೆ?"

ತುಯೆತ್ ಬಾಯಿಗೆ ಕೈ ಅಡ್ಡ ಹಿಡಿದಳು. "ನಾಳೆ ಬೆಳಿಗ್ಗೆ ಇಲ್ಲಿ ಕಾಂಕ್ರೀಟ್ ಹಾಕ್ತಾರೆ. ನಿಮ್ಮ ಸಿಕ್ಸ್ ರೋಡ್ ಎಲ್ಲಿ, ಈಗಲೇ ತೋರಿಸಿ."

ಸುತ್ತ ನೋಡಿದರೆ ಬೋಳು ಕಾಂಕ್ರೀಟು. ಹಳೆಯದೆಂದು ಉಳಿದದ್ದು ಸಿಗ್ನಲ್ ಕೋಣೆಯೊಂದೇ. ಮಾವ ಅದರ ಗೋಡೆಗೆ ಬೆನ್ನು ಕೊಟ್ಟು ನಿಂತು, ಹೆಜ್ಜೆ ಎಣಿಸುತ್ತ ನಡೆದ. ಒಂದು ಕಡೆ ನಿಂತುಬಿಟ್ಟ. ಕೆಳಗೆ ರೈಲೊಂದು ಹಾದುಹೋಯಿತು. ನಮ್ಮ ಅಂಗಾಲುಗಳಿಗೆ ಅದು ತಿಳಿಯಿತು.

ಮರ್ವ್ ಈಗ ನಗಲಿಲ್ಲ. ಕಣ್ಣು ಮುಚ್ಚಿ ಹೇಳಿದ: "ಸಿಕ್ಸೇ. ಎರಡು ಸಲ ಕುಟ್ಟಿತು ನೋಡು. ಬೇರೆ ಯಾವ ಹಳೀನೂ ಹಾಗೆ ಕುಟ್ಟಲ್ಲ."

ತುಯೆತ್ ನಕ್ಷೆಯನ್ನು ನೆಲದ ಮೇಲೆ ಹರಡಿ ಬೆರಳು ಓಡಿಸಿದಳು. "ಕಂಬ ಐದಡಿ ಆಚೆಗಿದೆ. ನಡೆಯತ್ತಾ?"

"ಐದಡಿ ಅಂದ್ರೆ ಮರ್ವ್ ಕಾಲು ಚಾಚಿದಷ್ಟು. ನಡೆಯತ್ತೆ" ಎಂದ ಮಾವ, ಮೂರು ಬೆರಳಿನ ಕೈಯಿಂದ ಕಣ್ಣೊರೆಸಿಕೊಳ್ಳುತ್ತ.

ಮಾವ ಹೋಗಿ ಮೂರು ಚಳಿಗಾಲ ಕಳೆದವು. ಫೆಬ್ರವರಿ ಬಂತೆಂದರೆ ಮರ್ವ್ ಫೋನು ಮಾಡುತ್ತಾನೆ: "ಸಿಕ್ಸ್ ರೋಡಿಗೆ ಬಾರೇ, ಹಣ್ಣಾಗಿದೆ." ನಾನು ಪಾಸ್ತಿಜ್ಜಿ ಒಯ್ಯುತ್ತೇನೆ. ಡಬ್ಬಿಯ ಮುಚ್ಚಳ ಪೂರ್ತಿ ತೆರೆಯುವ ಮೊದಲೇ ಅವನ ಕೈ ಒಳಗಿರುತ್ತದೆ.