ಸೀಸೆ ತುಂಬುವ ತನಕ ಹೊಸ್ತಿಲು ಬಿಡದ ಯಶೋದಮ್ಮ

ಬೆಳಗಿನ ಆರು ಗಂಟೆ. ಪೂರಿಗಾಲಿಯ ಬೀದಿಯಲ್ಲಿ ಸಗಣಿ ಸಾರಿಸಿದ ಅಂಗಳಗಳು ಇನ್ನೂ ಒಣಗಿಲ್ಲ. ಬುಟ್ಟಿ ತುಂಬ ಸೀಸೆಗಳನ್ನಿಟ್ಟುಕೊಂಡು ಆಸ್ಪತ್ರೆಯ ಆಯಾ ಯಶೋದಮ್ಮ ಒಂದು ಹೊಸ್ತಿಲ ಮೇಲೆ ಕೂತಿದ್ದಾರೆ.

"ಎದ್ಯಾ ಮಗಾ? ಮೊದ್ಲು ನನ್ ಸೀಸೆಗೆ ಉಚ್ಚೆ ಉಯ್ಯಿ, ಆಮ್ಯಾಕೆ ಆಟ."

ಊರಿನ ಶಾಲೆಯಲ್ಲಿ ಮಧ್ಯಾಹ್ನ ಸೋಯಾ ಹಿಟ್ಟು ಬೆರೆಸಿದ ಉಪ್ಪಿಟ್ಟು ಕೊಡುತ್ತಾರೆ. ವರ್ಷಗಟ್ಟಲೆ ಅದನ್ನು ತಿಂದರೆ ಮೂತ್ರಕೋಶಕ್ಕೆ ಏನಾದೀತು ಎಂದು ತಿಳಿಯಲು ಡಾಕ್ಟರು ಅನಂತರಾಮು ಅರವತ್ತು ಮಕ್ಕಳನ್ನು ಆರಿಸಿದ್ದಾರೆ. ತಿಂಗಳಿಗೊಮ್ಮೆ ಅಷ್ಟೂ ಸೀಸೆಗಳನ್ನು ಬಸ್ಸಿನಲ್ಲಿ ಮಳವಳ್ಳಿಯ ಆಸ್ಪತ್ರೆಗೆ ಮುಟ್ಟಿಸುವ ಕೆಲಸ ಯಶೋದಮ್ಮನದು. ಮೂರು ವರ್ಷವಾಯಿತು. ಬಸ್ಸಿನಲ್ಲಿ ಪಕ್ಕಕ್ಕೆ ಯಾರೂ ಕೂರುವುದಿಲ್ಲ, ಪಾಪ.

ಹೋದ ವರ್ಷ, 1975ರಲ್ಲಿ, ಹದಿಮೂರು ಸೀಸೆಗಳಲ್ಲಿ ದೋಷ ಕಂಡಿತು. ಸೋಯಾದ್ದೇ ಕಾಟವೆಂದು ಉಪ್ಪಿಟ್ಟು ನಿಲ್ಲಿಸುವ ಕಾಗದವೂ ಸಿದ್ಧವಾಯಿತು. ಎಷ್ಟೋ ಮಕ್ಕಳಿಗೆ ಮಧ್ಯಾಹ್ನದ ಊಟವೆಂದರೆ ಅದೊಂದೇ. ಯಶೋದಮ್ಮ ಡಾಕ್ಟರ ಮುಂದೆಯೇ ಒಂದು ಸೀಸೆಯ ಬಿರಡೆ ಕಿತ್ತು ಮೂಸಿದರು.

"ಸ್ವಾಮಿ, ಇದು ಮಕ್ಳುದಲ್ಲ, ಗಂಜ್ಲ! ದನ ಕಟ್ಟಿದ್ ಕೈಗೆ ಗೊತ್ತಾಗಕಿಲ್ವಾ?"

ಹದಿಮೂರೂ ಒಂದೇ ಬೀದಿಯವು. ಹೋಗಿ ಕೇಳಿದರೆ ಹೊಂಬಾಳಮ್ಮ ಎಂಬ ತಾಯಿ ಕೊಂಚವೂ ಅಳುಕಲಿಲ್ಲ.

"ಇನ್ನೇನವ್ವ, ಡಾಕ್ಟ್ರು ಕೈಗೆ ಮಕ್ಳ ಉಚ್ಚೆ ಕೊಟ್ಟು ಮೈಲ್ಗೆ ಮಾಡಾದಾ? ಗಂಜ್ಲ ಸುದ್ಧ ಅಂತ ಬೀದಿಯೋರೆಲ್ಲ ಅದ್ನೇ ತುಂಬುದ್ವಿ."

ನಗಬೇಕೋ ಅಳಬೇಕೋ! ಸಂಜೆ ಸೀಸೆ ಹಂಚಿ ಬೆಳಿಗ್ಗೆ ಎತ್ತಿಕೊಂಡು ಬರುತ್ತಿದ್ದ ತಮ್ಮದೇ ತಪ್ಪೆಂದು ಯಶೋದಮ್ಮ ಡಾಕ್ಟರ ಮುಂದೆ ಒಪ್ಪಿಕೊಂಡರು. ಕೆಲಸ ಹೋಗುವ ಭಯವಿತ್ತು, ಆದರೂ ಹೇಳಿದರು. ಎರಡು ದಿನ ಆ ಹದಿಮೂರು ಮನೆಗಳ ಮುಂದೆ ಕೂತು ಹೊಸದಾಗಿ ತುಂಬಿಸಿ ತಂದರು. ಪರೀಕ್ಷೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ಕಾಗದ ಹರಿಯಿತು, ಉಪ್ಪಿಟ್ಟು ಉಳಿಯಿತು. ಅಂದಿನಿಂದ ಎಲ್ಲ ಅರವತ್ತು ಮನೆಗಳಲ್ಲೂ ಹೀಗೆ ಕಾದು ಕೂರುವುದೇ ಪದ್ಧತಿ.

ಹಾಗಂತ ಪ್ರಶ್ನೆ ತೀರಿಲ್ಲ. ಮಕ್ಕಳು ದೊಡ್ಡವರಾಗುವ ತನಕ ನೋಡದೆ ಏನೂ ಹೇಳಲಾಗದು ಎನ್ನುತ್ತಾರೆ ಡಾಕ್ಟರು. ಸೋಯಾ ಒಳ್ಳೆಯದೋ ಕೆಟ್ಟದ್ದೋ ಎಂದು ಯಶೋದಮ್ಮನನ್ನೇ ಕೇಳಿದರೆ, ಸೀಸೆಗೆ ಮಗುವಿನ ಹೆಸರಿನ ಚೀಟಿ ಅಂಟಿಸುತ್ತಲೇ ಉತ್ತರ ಕೊಡುತ್ತಾರೆ:

"ನಂಗೇನ್ ಗೊತ್ತು? ಅದ್ನ ಡಾಕ್ಟ್ರು ಏಳ್ಬೇಕು. ಅವ್ರು ಏನೇ ಏಳ್ಲಿ, ಈ ಮಕ್ಳ ಉಚ್ಚೆ ನೋಡೇ ಏಳ್ತಾರೆ. ಅಷ್ಟಕ್ಕೆ ನಾ ಜವಾಬ್ದಾರಿ."