ಅಂಚಿನ ಕೆಂಪು ದಾರ

ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಇಚಲಕರಂಜಿಯ ಆ ಮಗ್ಗದ ಕಾರ್ಖಾನೆಯ ಬಟ್ಟೆ ನೋಡುವ ಕೋಣೆಯಲ್ಲಿ ಮೂವರಿದ್ದೆವು: ಮಾಲೀಕರು, ಮೇಲ್ವಿಚಾರಕನಾದ ನಾನು, ಬಟ್ಟೆ ಪರೀಕ್ಷಿಸುವ ಮಹಾಗಾಂವದ ಕಾಕಾ.

ಕಾಕಾ ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಳೆ ತಪ್ಪಿದ ಕಡೆಯೆಲ್ಲ ಅಂಚಿಗೊಂದು ಕೆಂಪು ದಾರ ಕಟ್ಟುತ್ತಿದ್ದರು. ನೇಕಾರರು ಎಷ್ಟು ವಾದಿಸಿದರೂ ಒಂದೇ ಮಾತು: "ಕಂಡದ್ದು ಕಂಡೈತ್ರಿ."

ಅಂದು ಮಾಲೀಕರು, "ಸಂಜೀಕ ಗಾಡಿ ಬರತೈತಿ ಕಾಕಾ. ದಾರ ಎಲ್ಲಾ ಬಿಚ್ಚಿ, ಒಂದನೇ ನಂಬರಿನ ಶಿಕ್ಕಾ ಹೊಡೀರಿ" ಎಂದರು.

"ನಾ ಕಟ್ಟಿದ್ದು ನಾ ಬಿಚ್ಚಂಗಿಲ್ರಿ ಮಾಲಕ್ರ. ಆಮ್ಯಾಲೆ ಉಂಡದ್ದು ಮೈಗೆ ಹತ್ತಂಗಿಲ್ಲ."

"ಕೆಲಸ ಹೋದ್ರ ಉಣ್ಣಾಕರ ಏನಿರತೈತಿ?" ಮಾಲೀಕರು ನಕ್ಕರು.

"ಹೌದ್ರಿ, ಅದೂ ಖರೇನ." ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡರು. ಅದು ಅವರಿಗೆ ಮೂರನೆಯ ಕಾರ್ಖಾನೆ. ಕೈಯಲ್ಲಿದ್ದ ಬಟ್ಟೆಯನ್ನು ಕೊನೆಯವರೆಗೂ ನೋಡಿ, ಇನ್ನೆರಡು ದಾರ ಕಟ್ಟಿ, ಮಡಚಿಟ್ಟರು. ನನ್ನ ಕಡೆ ತಿರುಗಿ, "ಬರತೇನ್ರಿ ಸಾಹೇಬ್ರ" ಎಂದು ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದರು.

ಅವರ ಆ ನಿಧಾನದ ಬೆರಳುಗಳು ಇಂದಿಗೂ ಕಣ್ಣಮುಂದಿವೆ. ನನಗೂ ನೌಕರಿ ಬೇಕಿತ್ತು. ಗಂಟುಗಳು ಬಿಗಿಯಾಗಿದ್ದವು, ಬಿಚ್ಚಲು ಬರಲಿಲ್ಲ. ಕತ್ತರಿ ತಂದು, ಗಾಡಿ ಬರುವುದರೊಳಗೆ, ಒಂದೂ ಉಳಿಯದಂತೆ ಕತ್ತರಿಸಿ ಒಂದನೇ ನಂಬರಿನ ಮುದ್ರೆ ಹೊಡೆದೆ.